ಮುನಿರಾಮಪ್ಪನವರ ಹಿತ್ತಿಲು

ಚಾಮರಾಜಪೇಟೆಯ ನಮ್ಮ ವಠಾರದಲ್ಲಿ ಯಾರ ಮನೆಯ ಕಸದ ಬುಟ್ಟಿಯೂ ಮುನಿರಾಮಪ್ಪನವರ ಕಣ್ಣು ತಪ್ಪಿಸಿ ಬೀದಿಗೆ ಹೋದದ್ದಿಲ್ಲ. ತರಕಾರಿ ಸಿಪ್ಪೆಯನ್ನು ತಮ್ಮ ಗೊಬ್ಬರದ ಗುಂಡಿಗೆ ಹಾಕಿಸಿಕೊಂಡು, ಆಗಷ್ಟೇ ಬಳಕೆಗೆ ಬಂದಿದ್ದ ಪ್ಲಾಸ್ಟಿಕ್ ಕವರನ್ನು ತಂದವರ ಕೈಗೇ ವಾಪಸು ಕೊಡುತ್ತಿದ್ದರು. "ತೊಳ್ದು ಇಟ್ಕೊಳಮ್ಮ, ಮಣ್ಣಿಗೆ ಇದು ಅರಗಲ್ಲ," ಎನ್ನುತ್ತಿದ್ದರು. ಮದುವೆಗೆ ಹೋದರೂ ಊಟಕ್ಕೆ ಮೊದಲು ಎಂಜಲೆಲೆ ಎಲ್ಲಿ ಹಾಕುತ್ತಾರೆಂದು ವಿಚಾರಿಸುವವರು. "ನಿಮಗ್ಯಾಕೆ ಇಷ್ಟು ತೊಂದ್ರೆ, ಮುನಿರಾಮಪ್ನೋರೆ?" ಎಂದು ಒಮ್ಮೆ ಕೇಳಿದೆ. ಅವರು ಹಿತ್ತಿಲಿಗೆ ಕರೆದೊಯ್ದು, ಹುಲ್ಲೂ ಬೆಳೆಯದ ಒಂದು ಮೂಲೆ ತೋರಿಸಿದರು. "ಇಪ್ಪತ್ತು ವರ್ಷ ಬ್ಯಾಟರಿ ರಿಪೇರಿ ಮಾಡ್ದೆ. ಆಸಿಡ್ಡೆಲ್ಲ ಇಲ್ಲೇ ಚೆಲ್ದೆ," ಎಂದರು. ಆ ಗೊಬ್ಬರವೆಲ್ಲ ಆರು ವರ್ಷದಿಂದ ಆ ಮೂಲೆಗೇ ಬೀಳುತ್ತಿತ್ತು. ಒಂದು ಬೆಳಿಗ್ಗೆ ಅಲ್ಲಿ ಒಂದೆಳೆ ಗರಿಕೆ ಚಿಗುರಿತ್ತು. ಅದರ ಮೇಲೆ ತಮ್ಮ ನೆರಳು ಬೀಳದಂತೆ ಪಕ್ಕಕ್ಕೆ ಸರಿದು ಕೂತು, ಮುನಿರಾಮಪ್ಪ ನೋಡುತ್ತಲೇ ಇದ್ದರು.