ದಿಬ್ಬದ ಬೀದಿಯ ರೇಟು

ನಮ್ಮ ಮನೆಯಲ್ಲಿ ಹೆದರುವ ಕೆಲಸವನ್ನೆಲ್ಲ ಅಕ್ಕನಿಗೇ ವಹಿಸಿಬಿಟ್ಟಿದ್ದೆವು. ಅಕ್ಕ ಅಂದರೆ ಒಡಹುಟ್ಟಿದವಳಲ್ಲ. ನನ್ನ ಓರಗಿತ್ತಿ, ಗಂಡನ ಅಣ್ಣನ ಹೆಂಡತಿ. ಕುಕ್ಕರ್ ಕೂಗಿದರೆ ಬೆಚ್ಚಿಬೀಳುವಳು. ಚಿಲಕ ಹಾಕಿ ಬಂದ ಮೇಲೂ ಎದ್ದುಹೋಗಿ ಮುಟ್ಟಿ ನೋಡುವಳು. ಭಾವ ಲಾರಿ ಹೊರಡಿಸಿದರೆ ಅದು ಗೇಟು ದಾಟುವ ತನಕ ಉಸಿರು ಬಿಗಿಹಿಡಿದು ನಿಲ್ಲುವಳು. ನಾನೋ ಬಾಯಿಬಡುಕಿ. "ಅಕ್ಕಾ, ಉಸಿರು ಬಿಡು, ಲಾರಿ ಹೋಯ್ತು" ಎಂದು ರೇಗಿಸದಿದ್ದರೆ ನನಗೆ ಬೆಳಗಾಗುತ್ತಿರಲಿಲ್ಲ.

ನಮ್ಮದು ತೊಟ್ಟಿ ಬಾಡಿಗೆಯ ಕಸುಬು. ಮನೆ ಕೆಡವುವವರು, ರಿಪೇರಿ ಮಾಡಿಸುವವರು ಫೋನ್ ಮಾಡುತ್ತಾರೆ. ಭಾವ ಖಾಲಿ ಕಬ್ಬಿಣದ ತೊಟ್ಟಿಯನ್ನು ಒಯ್ದು ಅವರ ಬಾಗಿಲಲ್ಲಿ ಇಳಿಸಿ ಬರುತ್ತಾರೆ. ಅದು ತುಂಬಿದ ಮೇಲೆ ಹೋಗಿ, ಲಾರಿಯ ಹಿಂದಿರುವ ಎರಡು ಕಬ್ಬಿಣದ ತೋಳುಗಳಿಗೆ ಸರಪಳಿ ಸಿಕ್ಕಿಸಿ, ತೊಟ್ಟಿಯನ್ನು ಎತ್ತಿ ಲಾರಿಗೇರಿಸಿ, ಊರಾಚೆ ಕಸ ಸುರಿಯುವ ಜಾಗಕ್ಕೆ ಸಾಗಿಸುತ್ತಾರೆ. ಗಿರಾಕಿ ಹಿಡಿಯುವುದು, ಆಫೀಸುಗಳಿಗೆ ಅಲೆಯುವುದು ನನ್ನ ಗಂಡನ ಪಾಲು. ಫೋನ್ ಹಿಡಿದು ರೇಟು ಹೇಳುವವಳು ಅಕ್ಕ. ಶೆಡ್ಡಿನಲ್ಲಿ ಎಲ್ಲರಿಗೂ ಅವಳು ರೇಟಕ್ಕ.

ಅವಳು ರೇಟು ಹೇಳುವುದನ್ನು ನೋಡಬೇಕು. ಗಿರಾಕಿ ವಿಳಾಸ ಹೇಳುತ್ತಲೇ "ಸ್ವಲ್ಪ ತಾಳಿ" ಎಂದು ಕಣ್ಣು ಮುಚ್ಚುವಳು. ಆಮೇಲೆ ಕುಳಿತಲ್ಲೇ ಒಮ್ಮೆ ಈ ಕಡೆ ವಾಲಿ, ಒಮ್ಮೆ ಆ ಕಡೆ ವಾಲಿ, ಅಲ್ಲಲ್ಲಿ ಮುಖ ಸಿಂಡರಿಸಿ, ಕೊನೆಗೆ ಕಣ್ಣು ಬಿಟ್ಟು ರೇಟು ಹೇಳುವಳು. ಮದುವೆಯಾದ ಹೊಸದರಲ್ಲಿ ಭಾವ ಅವಳನ್ನು ಲಾರಿಯ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಊರೆಲ್ಲ ಸುತ್ತಿಸಿದ್ದರಂತೆ. ಬೇರೆ ಗಂಡಂದಿರು ಹೆಂಡತಿಯನ್ನು ಸಿನಿಮಾಕ್ಕೆ ಕರೆದೊಯ್ದರೆ ನಮ್ಮ ಭಾವ ಕಸ ಸುರಿಯಲು ಕರೆದೊಯ್ದರು. ಒಂದು ದಿನ ಸರಪಳಿ ತುಂಡಾಗಿ, ತುಂಬಿದ ತೊಟ್ಟಿ ಅವಳ ಕಣ್ಣೆದುರೇ ದಢಾರನೆ ನೆಲಕ್ಕೆ ಬಿತ್ತು. ಅಲ್ಲಿಂದಾಚೆಗೆ ತೊಟ್ಟಿ ಮೇಲೇಳುವಾಗಲೆಲ್ಲ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಮಗಳು ಹುಟ್ಟಿದ ಮೇಲೆ ಲಾರಿ ಹತ್ತುವುದನ್ನೇ ಬಿಟ್ಟಳು. ಆದರೆ ಬೀದಿಗಳು ಅವಳ ಮೈ ಬಿಟ್ಟು ಹೋಗಲಿಲ್ಲ. ಅವಳು ಹಾಗೆ ವಾಲುವಾಗ ನಾನು ಕೇಳುತ್ತಿದ್ದೆ: "ಎಲ್ಲಿಗೆ ಬಂದೆ, ಅಕ್ಕ? ಬರುವಾಗ ಒಂದು ಕಟ್ಟು ಸೊಪ್ಪು ತಗೊಂಡು ಬಾ."

ಹೊಸ ಬಡಾವಣೆಗೆ ಅವಳ ರೇಟು ತೀರಾ ಕಡಿಮೆ. ರಸ್ತೆ ಅಗಲ, ಕಸದ ಜಾಗ ಹತ್ತಿರ, ತೊಟ್ಟಿ ಕಾಂಪೌಂಡಿನ ಒಳಗೇ ಕೂರುತ್ತದೆ, ತುಂಬುವುದೂ ಹಗುರವಾದ ಪ್ಲೈವುಡ್ಡು. ಮಾರುಕಟ್ಟೆಯ ಬೀದಿಗೆ ಅದಕ್ಕಿಂತ ಜಾಸ್ತಿ. ಅಲ್ಲಿ ತೊಟ್ಟಿಯನ್ನು ರಸ್ತೆಯ ಮೇಲೇ ಇಡಬೇಕು, ಅದಕ್ಕೆ ನಗರಸಭೆಯ ಪರವಾನಗಿ ತರಬೇಕು, ಶುಲ್ಕ ಕಟ್ಟಬೇಕು, ಅಂಗಡಿ ತೆರೆಯುವ ಮೊದಲೇ ಕೆಲಸ ಮುಗಿಸಬೇಕು. ಎಲ್ಲಕ್ಕಿಂತ ಜಾಸ್ತಿ ದಿಬ್ಬದ ಬೀದಿಗೆ. ಆ ಬೀದಿಯವರು ಮೂಗು ಮುರಿಯುತ್ತಿದ್ದರು. ಮುರಿಯದೆ ಇನ್ನೇನು, ಅವರ ಮನೆಯ ಮಾಳಿಗೆಯಿಂದ ನಮ್ಮ ಶೆಡ್ಡಿನ ತಗಡು ಕಾಣುತ್ತದೆ. ನಡೆದು ಬಂದರೆ ಹಳೇ ಸೇತುವೆ ದಾಟಿದರಾಯಿತು. ಆದರೆ ಆ ಸೇತುವೆ ಲಾರಿಯ ಭಾರ ತಡೆಯುವುದಿಲ್ಲ. ಲಾರಿ ಊರೆಲ್ಲ ಬಳಸಿ ಹೋಗಬೇಕು. ಅಲ್ಲಿನ ಹಳೇ ಮನೆಗಳೆಲ್ಲ ಕಲ್ಲಿನವು, ಕಸದ ಜಾಗದಲ್ಲಿ ಶುಲ್ಕ ತೂಕದ ಮೇಲೆ. ಅದಕ್ಕೇ ಅಕ್ಕ ಅಲ್ಲಿಗೆ ಚಿಕ್ಕ ತೊಟ್ಟಿಯನ್ನಷ್ಟೇ ಕಳಿಸುತ್ತಿದ್ದಳು. ಭಾವನ ಜೊತೆ ಕ್ಲೀನರ್ ಕಡ್ಡಾಯವಾಗಿ ಹೋಗಬೇಕಿತ್ತು. ತೊಟ್ಟಿ ಎತ್ತುವವನು ಲಾರಿಯ ಹಿಂಬದಿಯ ಪಕ್ಕದಲ್ಲಿ ನಿಂತು, ಲಿವರ್ ಹಿಡಿದು, ಸರಪಳಿಯನ್ನೇ ನೋಡುತ್ತಿರುತ್ತಾನೆ. ಹಿಂದಿನ ಭಾರಕ್ಕೆ ಲಾರಿಯ ಮುಂದಿನ ಚಕ್ರ ನೆಲ ಬಿಟ್ಟರೆ ಅವನಿಗೆ ಕಾಣುವುದಿಲ್ಲ. ಅದನ್ನು ನೋಡಲು ಮುಂದೆ ಒಬ್ಬ ನಿಲ್ಲಲೇಬೇಕು.

ಊರಿಗೆ ಇನ್ನೊಂದು ತೊಟ್ಟಿ ಕಂಪನಿ ಬಂತು. ನನ್ನ ಗಂಡನಿಗೆ ನಿದ್ದೆ ಹಾರಿಹೋಯಿತು. ಗೇಟಿಗೆ ಹೊಸ ಬೋರ್ಡು ತಂದು ಹೊಡೆದ: ಊರೆಲ್ಲ ಒಂದೇ ರೇಟು.

"ದಿಬ್ಬಕ್ಕೂ ಒಂದೇನಾ?" ಎಂದು ಕೇಳಿದಳು ಅಕ್ಕ.

"ದಿಬ್ಬ ಊರಲ್ಲೇ ಇದೆಯಲ್ಲ, ಅತ್ತಿಗೆ."

"ಆ ರೇಟಲ್ಲಿ ಕ್ಲೀನರ್ ಸಂಬಳ ಗಿಟ್ಟಲ್ಲ."

"ಅಣ್ಣನಿಗೆ ಕ್ಲೀನರ್ ಯಾಕೆ? ಕಣ್ಣು ಕಟ್ಟಿದ್ರೂ ಎತ್ತುತ್ತಾನೆ. ನಿಮ್ಮ ಹೆದರಿಕೆಗೆಲ್ಲ ಬೆಲೆ ಕಟ್ಟುತ್ತಾ ಕೂತ್ರೆ ಬಾಗಿಲು ಹಾಕಬೇಕಾಗುತ್ತೆ."

ಅಕ್ಕ ಭಾವನ ಮುಖ ನೋಡಿದಳು. ತಮ್ಮನ ಮಾತಿಗೆ ಇಲ್ಲ ಅನ್ನುವ ಬಾಯಿ ಆ ಮನುಷ್ಯನಿಗೆ ದೇವರು ಕೊಟ್ಟಿಲ್ಲ. ಕ್ಲೀನರ್ ಇಟ್ಟಿಗೆ ಗೂಡಿನ ಕೆಲಸಕ್ಕೆ ಹೊರಟುಹೋದ. ನಾನೂ ಗಂಡನ ಕಡೆಗೇ ವಾಲಿದ್ದೆ. ಬೋರ್ಡು ಚೆನ್ನಾಗಿ ಕಾಣುತ್ತಿತ್ತು. ಅಂದಿನಿಂದ ಅಕ್ಕ ಫೋನಿನಲ್ಲಿ ಕಣ್ಣು ಮುಚ್ಚಬೇಕಾದ ಪ್ರಮೇಯವೇ ಬರಲಿಲ್ಲ. ರಾತ್ರಿ ಮಾತ್ರ ಅವಳಿಗೆ ಅನ್ನ ಸೇರುತ್ತಿರಲಿಲ್ಲ.

ಒಂದು ಮಧ್ಯಾಹ್ನ ನಾನು ಶೆಡ್ಡಿನಲ್ಲಿ ಬಟ್ಟೆ ಮಡಚುತ್ತಾ ಕುಳಿತಿದ್ದಾಗ ಫೋನ್ ಬಂತು. ಮಾತಾಡಿದವನು ದಿಬ್ಬದ ಬೀದಿಯಲ್ಲಿ ಮನೆ ಕೆಡವಿಸುತ್ತಿದ್ದ ಮೇಸ್ತ್ರಿ. ಅಕ್ಕ ಸ್ಪೀಕರಿಗೆ ಹಾಕಿದ್ದಳು.

"ಅಮ್ಮಾ, ಇನ್ನೊಂದು ತೊಟ್ಟಿ ಬೇಕಿತ್ತು. ಇದು ತುಂಬಿದೆ. ನಿಮ್ಮೋರು ಬಂದಿದ್ದಾರೆ, ಸರಪಳಿ ಹಾಕ್ತಾ ಇದ್ದಾರೆ."

"ಏನು ತುಂಬಿಸಿದ್ದೀರಿ?"

"ಕಲ್ಲು. ಹಿತ್ತಲ ಗೋಡೆ ಪೂರ್ತಿ ಹಿಡಿದುಬಿಡ್ತು ನೋಡಿ. ರೇಟು ಒಂದೇ ಅಂದ ಮೇಲೆ ಚಿಕ್ಕದ್ಯಾಕೆ ಅಂತ ನಿಮ್ಮ ಮೈದುನರಿಗೆ ಹೇಳಿ ದೊಡ್ಡ ತೊಟ್ಟಿನೇ ತರಿಸಿದ್ವಿ."

ಅಕ್ಕ ಎದ್ದು ನಿಂತಳು. ದೊಡ್ಡ ತೊಟ್ಟಿ ಪ್ಲೈವುಡ್ಡಿಗೆ, ಸೊಪ್ಪುಸದೆಗೆ. ಅದಕ್ಕೆ ಬಾಯಿಮಟ್ಟ ಕಲ್ಲು ತುಂಬಿದರೆ ನಮ್ಮ ಲಾರಿ ಬಯಲಿನಲ್ಲೇ ತಿಣುಕುತ್ತದೆ.

"ಎತ್ತಬೇಡಿ ಅಂತ ಹೇಳಿ ಅವರಿಗೆ. ಈಗಲೇ ಹೇಳಿ."

"ಏನಮ್ಮ? ಲಾರಿ ಸದ್ದು, ಕೇಳಿಸ್ತಿಲ್ಲ. ಆಮೇಲೆ ಮಾಡ್ತೀನಿ."

ಅವಳು ಮತ್ತೆ ಫೋನ್ ಹಚ್ಚಿದಳು, ಅವನು ಎತ್ತಲಿಲ್ಲ. ಭಾವನಿಗೆ ಹಚ್ಚಿದಳು, ಅವರ ಫೋನ್ ಲಾರಿಯೊಳಗೆ ಎಲ್ಲೋ ಬಡಿದುಕೊಳ್ಳುತ್ತಿರಬೇಕು. ನನ್ನ ಗಂಡ ಯಾವುದೋ ಆಫೀಸಿನಲ್ಲಿದ್ದ. ಅಕ್ಕ ಚಪ್ಪಲಿ ಮೆಟ್ಟದೆ ಹೊರಗೆ ಓಡಿದಳು. ನಾನೂ ಮಡಿಲ ಬಟ್ಟೆ ಬಿಸಾಡಿ ಹಿಂದೆಯೇ ಓಡಿದೆ.

ಸೇತುವೆಯ ಮೇಲೆ ಅವಳು ಒಂದೇ ಮಾತು ಹೇಳುತ್ತಿದ್ದಳು. "ಗೋಡೆ ಪಕ್ಕ ನಿಂತಿರ್ತಾರೆ ಕಣೇ. ಗೋಡೆ ಪಕ್ಕ." ನನಗೆ ಅರ್ಥವಾಗಲಿಲ್ಲ. ದಿಬ್ಬದ ಬೀದಿಗೆ ತಿರುಗಿದಾಗ ಅರ್ಥವಾಯಿತು. ಬೀದಿ ಎಷ್ಟು ಇಕ್ಕಟ್ಟೆಂದರೆ, ಲಾರಿಗೂ ಎದುರು ಮನೆಯ ಕಲ್ಲುಗೋಡೆಗೂ ನಡುವೆ ಒಂದಾಳು ನಿಲ್ಲುವಷ್ಟೇ ಜಾಗ. ಆ ಜಾಗದಲ್ಲಿ ಭಾವ ನಿಂತಿದ್ದರು. ಲಾರಿಯ ಮೂತಿ ಏರಿನ ಕಡೆಗೆ, ತೊಟ್ಟಿ ಹಿಂದೆ ಇಳಿಜಾರಿಗೆ. ಮುಂದಿನ ಚಕ್ರ ಹಿಡಿತ ತಪ್ಪಿದರೆ ಲಾರಿ ಹಿಂದಕ್ಕೆ ಜಾರಿ ಗೋಡೆಗೆ ಒರಗುತ್ತದೆ. ನಡುವೆ ಇರುವವರು ಭಾವ.

ತೊಟ್ಟಿ ಆಗಲೇ ನೆಲ ಬಿಟ್ಟಿತ್ತು. ಸರಪಳಿ ಕಿರ್ರೆನ್ನುತ್ತಿತ್ತು. ಭಾವ ಅದರ ಮೇಲೇ ಕಣ್ಣು ನೆಟ್ಟಿದ್ದರು.

ನಾನು ಕೂಗಲು ಬಾಯಿ ತೆರೆದೆ. ಅಕ್ಕ ಅಂಗೈಯಿಂದ ನನ್ನ ಬಾಯಿ ಮುಚ್ಚಿದಳು. "ಬೆಚ್ಚಿದ್ರೆ ಲಿವರ್ ಬಿಡ್ತಾರೆ. ತೊಟ್ಟಿ ಬೀಳುತ್ತೆ." ಕುಕ್ಕರಿಗೆ ಬೆಚ್ಚುವ ಹೆಂಗಸು ಲಾರಿಯ ಆಚೆ ಬದಿಯ ಸಂದಿಯಲ್ಲಿ ಮೈ ಉಜ್ಜಿಕೊಂಡು ಮೇಲಕ್ಕೆ ನುಗ್ಗಿದಳು. ನಾನೂ ಹಿಂಬಾಲಿಸಿದೆ. ಅವಳು ಲಾರಿಯ ಮುಂದೆ, ಭಾವನ ಕಡೆಯ ಮೂಲೆಯಲ್ಲಿ ಹೋಗಿ ನಿಂತಳು. ನಾನು ಬಗ್ಗಿ ಚಕ್ರ ನೋಡಿದೆ. ಟೈರಿನ ಕೆಳಗೆ ಬೆಳಕು ಕಾಣುತ್ತಿತ್ತು. ಅಂಗೈ ತೂರಿಸಬಹುದಾದಷ್ಟು ಬೆಳಕು.

ನಾನು ಕಣ್ಣು ಮುಚ್ಚಿಕೊಂಡೆ. ಜೀವಮಾನದಲ್ಲಿ ಅಷ್ಟು ಹೆದರಿದ್ದಿಲ್ಲ. ಕತ್ತಲಲ್ಲಿ ಅಕ್ಕನ ದನಿ ಕೇಳಿತು, ಊಟಕ್ಕೆ ಕರೆಯುವಾಗಿನ ದನಿ.

"ರೀ. ನಾನು ಮುಂದೆ ನಿಂತಿದ್ದೀನಿ. ಇಳಿಸಿ."

"ನೀನಾ? ಯಾಕೆ ಬಂದೆ?"

"ಚಕ್ರ ನೋಡೋಕೆ. ನೆಲ ಬಿಟ್ಟಿದೆ. ಸರಪಳಿನೇ ನೋಡ್ತಾ ಇರಿ, ಈ ಕಡೆ ತಿರುಗಬೇಡಿ. ನಿಧಾನಕ್ಕೆ ಇಳಿಸಿ."

ಕಿರ್ರೆನ್ನುವ ಸದ್ದು ಬದಲಾಯಿತು.

"ಇನ್ನೂ ಸ್ವಲ್ಪ. ತಾಳಿ. ಜಾರ್ತಾ ಇದೆ, ನಿಲ್ಸಿ. ಹಾಂ. ಈಗ ಇಳಿಸಿ. ಇನ್ನೂ."

ಲಾರಿ ಒಮ್ಮೆ ಹಿಂದಕ್ಕೆ ಸರಿದ ಸದ್ದು ಕೇಳಿತು. ಆಮೇಲೆ ಟೈರು ಕಲ್ಲುಹಾಸಿನ ಮೇಲೆ ಕೂತ ಸದ್ದು, ತೊಟ್ಟಿ ನೆಲಕ್ಕೂರಿದ ಸದ್ದು. ಕಣ್ಣು ಬಿಟ್ಟೆ. ಅಕ್ಕ ಇನ್ನೂ ಚಕ್ರವನ್ನೇ ನೋಡುತ್ತಿದ್ದಳು. ಅಷ್ಟು ಹೊತ್ತೂ ರೆಪ್ಪೆ ಬಡಿಯಲಿಲ್ಲವೇನೋ, ಕಣ್ಣಿಂದ ನೀರು ಸುರಿಯುತ್ತಿತ್ತು.

ಭಾವ ಗೋಡೆಯ ಸಂದಿಯಿಂದ ಹೊರಬಂದರು. ಅಂಗಿಯ ಬೆನ್ನಿಗೆ ಗೋಡೆಯ ಸುಣ್ಣ ಮೆತ್ತಿತ್ತು. ಲಾರಿ ಅವರನ್ನು ಗೋಡೆಗೆ ಅಷ್ಟು ಒತ್ತಿತ್ತು. ಅವರು ಲಾರಿಯ ಮೆಟ್ಟಿಲ ಮೇಲೆ ಕುಸಿದು ಕೂತರು.

"ನನಗೆ ಕಾಣಿಸಲೇ ಇಲ್ಲ ಕಣೇ" ಎಂದರು. ಅದನ್ನೇ ಮತ್ತೆ ಮತ್ತೆ ಹೇಳಿದರು.

ಮೇಸ್ತ್ರಿಯ ಆಳುಗಳು ಅರ್ಧ ಕಲ್ಲನ್ನು ಮತ್ತೆ ಹೊರಗೆ ಹಾಕಿದರು. ತೊಟ್ಟಿ ಹಗುರವಾದ ಮೇಲೆ ಭಾವ ಎತ್ತಿದರು, ಅಕ್ಕ ಮುಂದೆ ನಿಂತಳು. ಸಂಜೆ ನನ್ನ ಗಂಡ ಶೆಡ್ಡಿಗೆ ಬಂದು ಅಣ್ಣನ ಅಂಗಿಯ ಬೆನ್ನು ನೋಡಿದ. ನಾನು ನಡೆದದ್ದನ್ನು ಹೇಳಿದೆ, ಬಾಯಿಗೆ ಬಂದದ್ದನ್ನೂ ಹೇಳಿದೆ. ಅವನು ಬೋರ್ಡನ್ನು ತಾನೇ ಕಿತ್ತು, ತೊಟ್ಟಿಯೊಂದರ ತಳಕ್ಕೆ ಹಾಕಿದ. ಕ್ಲೀನರನ್ನು ಕರೆಯಲು ಇಟ್ಟಿಗೆ ಗೂಡಿಗೂ ಹೋಗಿ ಬಂದ. ಅವನು ಬರಲು ಒಪ್ಪಲಿಲ್ಲ.

ಈಗ ದಿಬ್ಬಕ್ಕೆ ಲಾರಿ ಹೊರಟಾಗಲೆಲ್ಲ ಅಕ್ಕ ಫೋನನ್ನು ನನ್ನ ಕೈಗೆ ಕೊಟ್ಟು ಮುಂದಿನ ಸೀಟಿಗೆ ಹತ್ತುತ್ತಾಳೆ. ಧೈರ್ಯ ಬಂದಿದೆ ಅಂದುಕೊಳ್ಳಬೇಡಿ. ಹಿಂದಿನ ರಾತ್ರಿ ಅನ್ನ ಮುಟ್ಟುವುದಿಲ್ಲ. ನಾನು ರೇಗಿಸುವುದನ್ನು ಬಿಟ್ಟಿದ್ದೇನೆ.

ನಿನ್ನೆಯೂ ಲಾರಿ ದಿಬ್ಬಕ್ಕೆ ಹೋಗಿತ್ತು, ಇನ್ನೂ ಮರಳಿರಲಿಲ್ಲ. ಅದೇ ಬೀದಿಯ ಇನ್ನೊಬ್ಬ ಯಜಮಾನರು ಫೋನ್ ಮಾಡಿದರು. ನಾನು "ಸ್ವಲ್ಪ ತಾಳಿ" ಎಂದು ಕಣ್ಣು ಮುಚ್ಚಿದೆ. ಸುತ್ತುದಾರಿ, ಏರು, ಕಲ್ಲುಗೋಡೆ, ಟೈರಿನ ಕೆಳಗಿನ ಬೆಳಕು. ಕಣ್ಣು ಬಿಟ್ಟು ರೇಟು ಹೇಳಿದೆ.

"ಹೊಸ ಬಡಾವಣೆಗೆ ಇದರ ಅರ್ಧ ಅಂತೆ. ನಮಗೆ ಯಾಕಮ್ಮ ಇಷ್ಟು?"

"ಅಲ್ಲಿಗೆ ಒಬ್ಬರು ಹೋದ್ರೆ ಸಾಕು. ನಿಮ್ಮ ಬೀದಿಗೆ ಇಬ್ಬರು ಬರಬೇಕು."

"ಇನ್ನೊಬ್ಬರು ಏನು ಮಾಡ್ತಾರೆ?"

"ಹೆದರ್ತಾರೆ" ಎಂದೆ.

ಅವರು ವಿಳಾಸ ಬರೆದುಕೊಳ್ಳಿ ಎಂದರು. ನಾನು ಬರೆದುಕೊಂಡೆ. ಫೋನಿಟ್ಟು ಗೇಟಿಗೆ ಹೋಗಿ, ಲಾರಿಯ ಸದ್ದು ಕೇಳಿಸುವ ತನಕ ಉಸಿರು ಬಿಗಿಹಿಡಿದು ನಿಂತೆ.