ಕೆಳಗಿಳಿದವನನ್ನು ಆಕಾಶದಲ್ಲಿ ಹುಡುಕಿದ್ದು

೧೯೬೧ನೇ ಇಸವಿ ಏಪ್ರಿಲ್ ೨೩, ಭಾನುವಾರ. ಬೆಳಗಿನ ಎಂಟು ಗಂಟೆ ನಲವತ್ತು ನಿಮಿಷಕ್ಕೆ ಬರೆಯಲು ಕುಳಿತೆ.

ಹೀಗೆ ಗಂಟೆ ನಿಮಿಷ ಬರೆದಿಡುವುದು ನನಗೆ ಅಂಟಿದ ಒಂದು ಚಟ. ಯಲ್ಲಾಪುರದ ನಾಟಾ ಡಿಪೋದಲ್ಲಿ ಗುಮಾಸ್ತನಾದ ನಾನು ಹಗಲೆಲ್ಲ ಮರದ ದಿಮ್ಮಿಗಳ ಉದ್ದ, ಸುತ್ತಳತೆ ಬರೆಯುತ್ತೇನೆ. ಸಂಜೆಯಾದರೂ ಕೈ ಸುಮ್ಮನಿರುವುದಿಲ್ಲ. ಮೊದಲ ಮಾವಿನಹಣ್ಣು ತಿಂದ ದಿನ, ಕ್ಷೌರ ಮಾಡಿಸಿಕೊಂಡ ದಿನ, ನೆಗಡಿ ಶುರುವಾದ ಹೊತ್ತು, ಎಲ್ಲವೂ ದಿನಚರಿಗೆ ಹೋಗುತ್ತವೆ. ಇದರಿಂದ ಯಾರಿಗೂ ಉಪಕಾರವಿಲ್ಲ, ಆದರೆ ಅಪಾಯವೂ ಇಲ್ಲ ಎಂದುಕೊಂಡಿದ್ದೆ. ಆ ನಂಬಿಕೆ ಈ ತಿಂಗಳು ಹೋಯಿತು.

ನಾನಿರುವುದು ಸೋದರತ್ತೆಯ ಮನೆಯಲ್ಲಿ. ಹುಬ್ಬಳ್ಳಿ-ಅಂಕೋಲಾ ರಸ್ತೆಗೆ ಮುಖಮಾಡಿ ಮಾವನ ಚಹಾ ಹೋಟೆಲು, ಅದರ ಹಿಂದೆಯೇ ಮನೆ. ಅವರ ಒಬ್ಬನೇ ಮಗ ರಾಘುವಿಗೆ ಹದಿನೆಂಟು ವರ್ಷ. ವಾಯುಸೇನೆಯಲ್ಲಿ ವಿಮಾನ ರಿಪೇರಿಯ ಕೆಲಸಕ್ಕೆ ಆಯ್ಕೆಯಾಗಿ ಕುಳಿತಿದ್ದ. ಮಾವ ಒಪ್ಪಿಯಾಗಿತ್ತು. ಅತ್ತೆ ಮಾತ್ರ ‘ಊಹೂಂ’ ಎಂದವರು ಆಮೇಲೆ ಆ ವಿಷಯಕ್ಕೆ ಬಾಯಿಯನ್ನೇ ತೆರೆದಿರಲಿಲ್ಲ. ಮೇಲಕ್ಕೆ ಹೋಗುವ ಯಾವ ಯಂತ್ರದ ಹತ್ತಿರವೂ ಮಗ ಹೋಗಕೂಡದು ಎಂಬುದು ಅವರ ನಿಲುವು. ಮೇ ತಿಂಗಳು ಹುಟ್ಟುವುದರೊಳಗೆ ಅವರು ಒಪ್ಪದಿದ್ದರೆ ಆ ಜಾಗ ಬೇರೆಯವರ ಪಾಲು.

ಹೀಗಿರುವಾಗ ಹನ್ನೆರಡನೇ ತಾರೀಖಿನ ಬುಧವಾರ ಬಂತು. ಊಟಕ್ಕೆಂದು ಡಿಪೋದಿಂದ ಬಂದಿದ್ದೆ. ಹೋಟೆಲಿನ ರೇಡಿಯೋ ಮಧ್ಯಾಹ್ನದ ವಾರ್ತೆಯಲ್ಲಿ ರಷ್ಯಾ ದೇಶದ ಒಬ್ಬ ತರುಣ ಯಂತ್ರದೊಳಗೆ ಕುಳಿತು ಆಕಾಶಕ್ಕೆ ಏರಿದ್ದಾನೆ, ಭೂಮಿಯನ್ನೇ ಸುತ್ತುತ್ತಿದ್ದಾನೆ ಎಂದಿತು. ಅಷ್ಟು ಹೇಳಿ ಕರ್ರೆಂದು ಸುಮ್ಮನಾಯಿತು. ಬ್ಯಾಟರಿ ಮುಗಿದಿತ್ತು. ರಾಘು ಅದರ ಬೆನ್ನು ಬಿಚ್ಚಿ, ಊದಿ, ಬಡಿದು ನೋಡಿದ. ಮನುಷ್ಯ ಮೇಲೆ ಹೋದದ್ದು ಗೊತ್ತಾಯಿತು, ಕೆಳಗೆ ಬಂದನೋ ಇಲ್ಲವೋ ಗೊತ್ತಾಗಲಿಲ್ಲ.

ಅರ್ಧ ಸುದ್ದಿಯಷ್ಟು ಮಾತಿಗೆ ಒದಗುವುದು ಇನ್ನಾವುದೂ ಇಲ್ಲ. ಪೂರ್ತಿ ಸುದ್ದಿ ಬಂದಿದ್ದರೆ ‘ಹೌದಾ’ ಎಂದು ಚಹಾ ಕುಡಿದು ಏಳುತ್ತಿದ್ದರು. ಈಗ ಯಾರೂ ಏಳಲಿಲ್ಲ. ಆ ಮಧ್ಯಾಹ್ನ ಎದ್ದ ಪ್ರಶ್ನೆಗಳು ಇಪ್ಪತ್ತಮೂರು. ಗಾಳಿ, ಊಟದ ಬಗ್ಗೆ ಏಳು. ದೇವರು ಸಿಟ್ಟಾಗುವನೇ ಎಂಬ ಬಗ್ಗೆ ಎರಡೇ. ಉಳಿದವೆಲ್ಲ ಇಳಿಯುವ ಬಗ್ಗೆ! ಅರಬೈಲ್ ಘಟ್ಟದ ಈ ಊರಲ್ಲಿ ಅದು ಸಹಜ. ಹತ್ತುವುದು ಎಂಜಿನ್ನಿನ ಕೆಲಸ, ಇಳಿಯುವುದು ಮನುಷ್ಯನ ಕೆಲಸ ಎಂದು ಇಲ್ಲಿ ಎಲ್ಲರಿಗೂ ಗೊತ್ತು. “ಅಲ್ರೀ, ಸುತ್ತೂ ಬಯಲು ಅಂದಮ್ಯಾಲೆ ಕೆಳಗ ಅನ್ನೋದು ಯಾವ ಕಡೆ ಐತಿ ಅಂತ ಅಂವಗ ಹೆಂಗ ತಿಳೀತೈತ್ರಿ?” ಎಂದು ಬನವಾಸಿ ಕಡೆಯ ಭತ್ತದ ವ್ಯಾಪಾರಿಯೊಬ್ಬರು ಕೇಳಿದರು.

ಅಷ್ಟರಲ್ಲಿ ಯಾರೋ, ಭೂಮಿ ಸುತ್ತುವವನು ನಮ್ಮ ಮೇಲೂ ಹಾಯಬೇಕಲ್ಲ ಎಂದರು. ಎಲ್ಲರೂ ರಸ್ತೆಗಿಳಿದು ಹಣೆಗೆ ಕೈಯಿಟ್ಟು ಮೇಲೆ ನೋಡತೊಡಗಿದೆವು. ಕಾರವಾರದಿಂದ ಬಂದ ಬಸ್ಸೊಂದು ದೂರದಲ್ಲೇ ನಿಂತಿತು. ಹೆಜ್ಜೇನು ಎದ್ದಿದೆಯೆಂದು ತಿಳಿದು ಒಳಗಿದ್ದವರು ಪಟಪಟ ಕಿಟಕಿಯ ಪರದೆ ಇಳಿಸಿದರು.

ಅತ್ತೆ ಸೌಟು ಹಿಡಿದೇ ಹೊರಗೆ ಬಂದರು. ಬಹಳ ಹೊತ್ತು ಮೇಲೆ ನೋಡಿದರು. ಆಮೇಲೆ ಕೈಮುಗಿದು, “ಪಾಪ, ಯಾರ ಮನೆ ಮಾಣಿಯೋ, ಯಾರ ಮಗನೋ. ಅವ ನೆಟ್ಟಗೆ ಕೆಳಗೆ ಬರ್ಲಿ. ಬಂದ್ರೆ ಚಂದಗುಳಿಗೆ ಒಂದು ಗಂಟೆ ಕಟ್ತೆ. ನಮ್ಮ ರಾಘುನೂ ಕಳಸ್ತೆ” ಎಂದರು.

ಚಂದಗುಳಿಯ ಗಣಪತಿಗೆ ಹರಕೆ ಫಲಿಸಿದರೆ ಗಂಟೆ ಕಟ್ಟುವುದು ನಮ್ಮಲ್ಲಿ ರೂಢಿ. ಮಾವ ಕೂಡಲೇ, “ಹತ್ತು ಜನ ಕೇಳಿದ್ದೋ! ಆಮೇಲೆ ಮಾತು ತಿರುಗ್ಸಡ” ಎಂದರು. ಗೋಡೆ ಗಡಿಯಾರದಲ್ಲಿ ಎರಡು ಹತ್ತು. ಬರೆದುಕೊಂಡೆ.

ಸಂಜೆ ಹುಬ್ಬಳ್ಳಿಯಿಂದ ಲಾರಿ ತಂದ ಹುಸೇನ್ ಸಾಬರು ಕೆಳಗಿಳಿಯುವ ಮೊದಲೇ ಮಾವನಿಗೆ ಕೂಗಿ ಹೇಳಿದರು: “ಇಳದಾನ್ರಿ ಭಟ್ರೆ! ಹುಬ್ಬಳ್ಳಿ ತುಂಬ ಅದೇ ಮಾತು. ಒಂದ್ ಗಾಯ ಇಲ್ಲ!” ರಾಘು ಹೋಟೆಲಿನ ಬೆಂಚು ಹತ್ತಿ ಕುಣಿದ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ಎಲ್ಲರಿಗೂ ಕೇಸರಿಬಾತು ಕೊಟ್ಟರು.

ಇಲ್ಲಿಗೆ ಮುಗಿಯಬೇಕಿತ್ತು. ಮರುದಿನ ಪತ್ರಿಕೆ ಬಂತು. ಅವನು ಇಳಿದದ್ದು ಮಾಸ್ಕೋ ಗಡಿಯಾರದಲ್ಲಿ ಹತ್ತು ಐವತ್ತೈದಕ್ಕೆ ಎಂದಿತ್ತು. ಎರಡೂವರೆ ತಾಸು ಕೂಡಿಸಿದರೆ ನಮ್ಮಲ್ಲಿ ಒಂದು ಇಪ್ಪತ್ತೈದು. ಅಂದರೆ ನಾವೆಲ್ಲ ಕತ್ತು ನೋಯಿಸಿಕೊಂಡು ಆಕಾಶದಲ್ಲಿ ಹುಡುಕುವಾಗ ಆತ ಯಾವುದೋ ಹೊಲದಲ್ಲಿ ನಮ್ಮ ಹಾಗೆಯೇ ನೆಲದ ಮೇಲೆ ನಿಂತಿದ್ದ! ನಾವು ಕಾಣುವ ನಕ್ಷತ್ರದ ಬೆಳಕು ಎಂದೋ ಹೊರಟದ್ದು, ನಕ್ಷತ್ರ ಈಗ ಇದೆಯೋ ಇಲ್ಲವೋ ಹೇಳಲಾಗದು ಎಂದು ಶಾಲೆಯಲ್ಲಿ ಓದಿದ್ದೆ. ಸುದ್ದಿಯೂ ಹಾಗೆಯೇ ಎಂದು ಹೊಳೆದು ಬಹಳ ಖುಷಿಯಾಯಿತು. ಆ ಖುಷಿಯಲ್ಲೇ ಅಡುಗೆಮನೆಗೆ ಹೋಗಿ ಅತ್ತೆಗೆ ಲೆಕ್ಕ ಬಿಡಿಸಿ ಹೇಳಿದೆ.

ಅತ್ತೆ ದೋಸೆ ಮಗುಚುವುದನ್ನು ನಿಲ್ಲಿಸಿದರು. “ಹಂಗಾರೆ ಆನು ಬಾಯಿ ಬಿಡಕ್ಕಿಂತ ಮುಂಚೆಯೇ ಅವ ಇಳ್ದಾಗಿತ್ತು?”

“ನಲವತ್ತೈದು ನಿಮಿಷ ಮುಂಚೆ” ಎಂದೆ, ಹೆಮ್ಮೆಯಿಂದ.

“ಮತ್ತೆ ಗಣಪತಿಗೆ ಎಂತ ಕೆಲಸ ಇತ್ತು? ಆ ಹರಕೆ ಲೆಕ್ಕಕ್ಕಿಲ್ಲೆ. ರಾಘು ಎಲ್ಲಿಗೂ ಹೋಗದು ಬ್ಯಾಡ.”

ರಾಘು ನನ್ನನ್ನು ನೋಡಿದ ನೋಟವನ್ನು ದಿನಚರಿಯಲ್ಲಿ ಬರೆದಿಲ್ಲ. “ಭಾವ, ನಿಂಗೆ ಗಡಿಯಾರ ನೋಡಲೆ ಕಲಿಸಿದವ್ವು ಯಾರು ಮಾರಾಯ?” ಎಂದಷ್ಟೇ ಕೇಳಿದ.

ಹೋಟೆಲಿನಲ್ಲಿ ಪ್ರಶ್ನೆಗಳ ಎರಡನೇ ಸುತ್ತು ಎದ್ದಿತು. ಆದುಹೋದದ್ದಕ್ಕೆ ಹರಕೆ ಸಲ್ಲುತ್ತದೆಯೇ? ದೇವರಿಗೆ ಹಿಂದು ಮುಂದು ಎಂತದು ಎಂದು ಮಾವ ವಾದಿಸಿದರು. ಹುಸೇನ್ ಸಾಬರು, “ಅಮ್ಮಾವ್ರೆ, ಘಟ್ಟ ಇಳಿಯೋ ದಿನ ನನ್ನ ಹೆಂಡ್ತಿ ಸಂಜೀಗೆ ದುವಾ ಮಾಡ್ತಾಳ. ನಾ ಮಧ್ಯಾಹ್ನಕ್ಕೇ ಅಂಕೋಲೆಯಾಗ ಮೀನು ತಿಂದು ಮಲಗಿರ್ತೇನಿ. ಆಕೀಗೆ ಮಾತ್ರ ಹೇಳಬ್ಯಾಡ್ರಿ” ಎಂದರು. ಎಲ್ಲರೂ ನಕ್ಕರು. ಅತ್ತೆ ನಗಲಿಲ್ಲ. ಅಂದಿನಿಂದ ನನ್ನ ತಟ್ಟೆಗೆ ಉಪ್ಪಿನಕಾಯಿ ಬೀಳುವುದು ನಿಂತಿತು.

ನಿನ್ನೆ ಸಂಜೆ ಅತ್ತೆ ಹಳೆಯ ಪತ್ರಿಕೆಗಳನ್ನು ಜೋಡಿಸುತ್ತಿದ್ದರು. ಆ ತರುಣನ ಚಿತ್ರವಿದ್ದ ಹಾಳೆ ಹಿಡಿದು ಕೇಳಿದರು:

“ತಮಾ, ಇವನ ಆಯಿ ಸುದ್ದಿ ಎಂತಾದ್ರೂ ಪೇಪರಲ್ಲಿ ಬರದ್ದ್ವ?”

“ಇಲ್ಲೆ ಅತ್ತೆ.”

“ಹೋಪಕ್ಕಿಂತ ಮೊದ್ಲು ಆಯಿಗೆ ಹೇಳಿದ್ನ?”

“ಗೊತ್ತಿಲ್ಲೆ.”

ಅತ್ತೆ ಹಾಳೆಯನ್ನು ಮಡಿಚಿ ತೊಡೆಯ ಮೇಲಿಟ್ಟುಕೊಂಡರು. “ಹೇಳದ್ದೆ ಹೋಗಿದ್ರೆ ಆ ಹೆಂಗಸೂ ನಮ್ಮಂಗೇ ರೇಡಿಯೋ ಎದುರಿಗೆ ಕೂತಿತ್ತೇನ. ನಮ್ಮ ಮಾಣಿ ಯನ್ನ ಎದುರಿಗೆ ನಿಂತು ‘ಹೋಗ್ಲ ಆಯಿ’ ಹೇಳಿ ಕೇಳಿದ್ದ.” ಉಳಿದ ಪತ್ರಿಕೆಗಳನ್ನು ಅತ್ತ ಸರಿಸಿ, “ಹೋಗಿ ಬರ್ಲಿ ಹೇಳು ಅವಂಗೆ. ಆನು ಹೇಳಲೆ ಹೋದ್ರೆ ಅಳು ಬತ್ತು” ಎಂದರು.

ನಾನು ಓಡಿಹೋಗಿ ಹೇಳಿದೆ. ಎಷ್ಟು ಗಂಟೆಯಾಗಿತ್ತೋ ನೋಡಲಿಲ್ಲ.

ಅತ್ತೆಯ ಪ್ರಶ್ನೆ ಹಾಗೇ ಉಳಿದಿದೆ. ಕೈಗೆ ಸಿಕ್ಕ ಪತ್ರಿಕೆಗಳನ್ನೆಲ್ಲ ತಿರುವಿ ಹಾಕಿದೆ. ಯಂತ್ರದ ತೂಕ, ವೇಗ, ಏರಿದ ಎತ್ತರ ಎಲ್ಲವೂ ಇವೆ, ತಾಯಿಗೆ ಹೇಳಿ ಹೋದನೇ ಎಂಬುದೊಂದಿಲ್ಲ. ಇದನ್ನು ಓದಿದವರಲ್ಲಿ ಬಲ್ಲವರಿದ್ದರೆ ದಯವಿಟ್ಟು ಎರಡು ಸಾಲು ಬರೆಯಿರಿ. ಹೇಳಿದ್ದ ಎಂದಾದರೆ ಲಕೋಟೆಯನ್ನು ನೇರವಾಗಿ ಅತ್ತೆಯ ಹೆಸರಿಗೇ ಕಳಿಸಬಹುದು. ಹೇಳಿರಲಿಲ್ಲ ಎಂದಾದರೆ ನನ್ನ ಹೆಸರಿಗೆ ಕಳಿಸಿ. ಅದನ್ನು ಅವರಿಗೆ ಯಾವಾಗ ಹೇಳಬೇಕೆಂದು ಈ ಸಲ ಗಡಿಯಾರವನ್ನು ಕೇಳುವುದಿಲ್ಲ.