ಮೊದಲು ಮಜ್ಜಿಗೆ, ಆಮೇಲೆ ಎಣ್ಣೆ

ಕುರುಗೋಡಿನಲ್ಲಿ ನಮ್ಮ ಅಣ್ಣನನ್ನು ಯಾರೂ ಹೆಸರು ಹಿಡಿದು ಕೇಳುತ್ತಿರಲಿಲ್ಲ. ಎಣ್ಣೆ ಹೊಡೆಯುವವನ ಮನೆ ಯಾವುದು ಎಂದರೆ ಸಾಕಿತ್ತು. ಸಿರುಗುಪ್ಪದ ಭತ್ತದ ಗದ್ದೆಗಳಿಂದ ಬಾದನಹಟ್ಟಿಯ ಮೆಣಸಿನಕಾಯಿ ಹೊಲಗಳವರೆಗೆ ಬೆನ್ನಿಗೆ ಪಂಪು ಕಟ್ಟಿಕೊಂಡು, ನಮ್ಮ ಕಡೆ ಎಣ್ಣೆ ಎನ್ನುವ ಕೀಟನಾಶಕ ಹೊಡೆಯುತ್ತಿದ್ದ. ಹೊರಡುವ ಮುಂಚೆ ಒಂದು ತುಂಡು ಬೆಲ್ಲ, ಒಂದು ಚೊಂಬು ಮಜ್ಜಿಗೆ. ಅವು ಹೊಟ್ಟೆಯಲ್ಲಿದ್ದರೆ ವಿಷ ಏರುವುದಿಲ್ಲ ಎಂಬುದು ಅವನ ಜೊತೆಯವರೆಲ್ಲರ ನಂಬಿಕೆ. ನಾನು ಬಳ್ಳಾರಿಯ ಬ್ರೂಸ್‌ಪೇಟೆಯಿಂದ ತಂದುಕೊಟ್ಟ ಮಾಸ್ಕು, ಗ್ಲೌಸುಗಳನ್ನು ನನ್ನ ಕಾಟ ತಾಳಲಾರದೆ ಹಾಕಿಕೊಳ್ಳುತ್ತಿದ್ದ.

ನಾನು ಬಳ್ಳಾರಿಯ ಕಾಲೇಜೊಂದರಲ್ಲಿ ಸೂಕ್ಷ್ಮಜೀವಿಗಳ ಪಾಠ ಹೇಳುವವನು. ಒಂದು ಭಾನುವಾರ ಅಣ್ಣನ ಮನೆಯ ಕಟ್ಟೆಯ ಮೇಲೆ ಕುಳಿತು ಮರುದಿನದ ಪಾಠ ಓದುತ್ತಿದ್ದೆ. ಏನದು ಎಂದು ಕೇಳಿದ. ನಮ್ಮ ಕರುಳಿನ ಕೆಲವು ಬ್ಯಾಕ್ಟೀರಿಯಾ ಅಕ್ಕಪಕ್ಕದವನ್ನು ಕೊಲ್ಲಲು ವಿಷ ಮಾಡುತ್ತವೆ, ಅದರ ಜೊತೆಗೇ ಆ ವಿಷದ ಬಾಯಿ ಕಟ್ಟುವ ಮದ್ದನ್ನೂ ಮಾಡಿಕೊಳ್ಳುತ್ತವೆ, ಅದಕ್ಕೇ ತಾವು ಸಾಯುವುದಿಲ್ಲ ಎಂದೆ. ಅಣ್ಣನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

"ಕಣ್ಣಿಗೆ ಕಾಣದ ಹುಳಕ್ಕೂ ತಿಳುವಳಿಕಿ ಐತಿ ನೋಡು. ನಂದೂ ಅದೇ ಲೆಕ್ಕ. ಮೊದ್ಲು ಮಜ್ಜಿಗಿ, ಆಮ್ಯಾಲ ಎಣ್ಣಿ."

ನಾನು ನಕ್ಕೆ. ಆ ಮದ್ದು ಆ ಒಂದು ವಿಷಕ್ಕೆ ಮಾತ್ರ ಹೊಂದುತ್ತದೆ, ಬೇರೆ ವಿಷ ಬಂದರೆ ಅದೇ ಬ್ಯಾಕ್ಟೀರಿಯಾ ಸಾಯುತ್ತದೆ ಎಂಬ ಸಾಲು ನನ್ನ ಬೆರಳಿನ ಕೆಳಗೇ ಇತ್ತು. ತರಗತಿಯಲ್ಲಿ ಯಾರಾದರೂ ತಪ್ಪು ಹೇಳಿದರೆ ಮೈಮೇಲೆ ಬೀಳುವ ನಾನು, ಅವತ್ತು ಊಟದ ಹೊತ್ತಾಯಿತೆಂದು ಎದ್ದುಬಿಟ್ಟೆ. ಆಮೇಲೆ ಅಣ್ಣ ಮಾಸ್ಕು ಹಾಕುವುದನ್ನೇ ಬಿಟ್ಟ. ಕೇಳಿದವರಿಗೆಲ್ಲ, ಮಜ್ಜಿಗೆ ಕುಡಿದರೆ ಸಾಕೆಂದು ಕಾಲೇಜಿನಲ್ಲಿ ಕಲಿಸುವ ತನ್ನ ತಮ್ಮನೇ ಹೇಳಿದ್ದಾನೆ ಎನ್ನುತ್ತಿದ್ದನಂತೆ.

ಸಿರುಗುಪ್ಪದ ಗದ್ದೆಯೊಂದರಲ್ಲಿ ಬಿದ್ದವನನ್ನು ಬಳ್ಳಾರಿಯ ಆಸ್ಪತ್ರೆಗೆ ತಂದರು. ಬಾಯಲ್ಲಿ ನೊರೆ, ಮೈಯೆಲ್ಲ ಬೆವರು. ಮೂರನೆಯ ದಿನ ಹೋಗಿಬಿಟ್ಟ.

ಕಾರ್ಯವೆಲ್ಲ ಮುಗಿದ ಮೇಲೆ ಅತ್ತಿಗೆ ಅಡುಗೆಮನೆಯ ಹೊಸ್ತಿಲ ಬಳಿ ಕುಳಿತು, ನನ್ನ ಮುಖ ನೋಡದೆ ಹೇಳಿದರು.

"ಅವತ್ತು ಮೊಸರು ಸಾಲಲಿಲ್ಲ. ಮಜ್ಜಿಗಿಗೆ ನೀರು ಜಾಸ್ತಿ ಬೆರಸಿಬಿಟ್ಟೆ. ಗಟ್ಟಿ ಕೊಟ್ಟಿದ್ರ ಉಳೀತಿದ್ರು ಏನೋ."

ಮಜ್ಜಿಗೆಯದೇನೂ ತಪ್ಪಿಲ್ಲ, ತಿಳಿದೂ ಬಾಯಿ ಬಿಡದ ನನ್ನದೇ ತಪ್ಪು ಎಂದು ಹೇಳುತ್ತಾ ಅತ್ತುಬಿಟ್ಟೆ. ಅವರು ನಂಬಲಿಲ್ಲ, ಸಮಾಧಾನಕ್ಕೆ ಹೇಳುತ್ತಿದ್ದೇನೆ ಎಂದುಕೊಂಡರು. ಈಗಲೂ ಕುರುಗೋಡಿಗೆ ಹೋದರೆ ಅತ್ತಿಗೆ ನನಗೆ ಗಟ್ಟಿ ಮಜ್ಜಿಗೆಯನ್ನೇ ಕೊಡುತ್ತಾರೆ. ಕೊನೆಯ ಗುಟುಕಿನವರೆಗೂ ಕುಡಿದೆನೇ ಎಂದು ನೋಡುತ್ತಾ ಎದುರಿಗೇ ನಿಲ್ಲುತ್ತಾರೆ.